ರಿಜಿಸ್ಟ್ರಿ ತಾರೀಖು ಹತ್ತಿರ, ಕೈಯಲ್ಲಿ ದುಡ್ಡು ಕಡಿಮೆ: ಯಾವ ಸಾಲ ಹಿಡಿಯಬೇಕು?

ಮನೆಗೋ ಪ್ಲಾಟಿಗೋ ಇಸಾರ, ಅಂದರೆ ಮುಂಗಡ, ಕೊಡುವ ದಿನ ಎಲ್ಲರಿಗೂ ಧೈರ್ಯ ಜಾಸ್ತಿ. ಪೇಢೆ ತಿಂದು, ಕರಾರು ಪತ್ರಕ್ಕೆ ಸಹಿ ಹಾಕಿ, 'ಮೂರು ತಿಂಗಳಲ್ಲಿ ರಿಜಿಸ್ಟ್ರಿ' ಎಂದು ಬರೆಸಿ ಮನೆಗೆ ಬರುತ್ತೇವೆ. ಎರಡೂವರೆ ತಿಂಗಳು ಹೇಗೆ ಹೋಯಿತು ಅಂತ ಗೊತ್ತೇ ಆಗುವುದಿಲ್ಲ. ಉಳಿದ ಹದಿನೈದು ದಿನ ಫೋನ್ ಕಿವಿಗೆ ಅಂಟಿಸಿಕೊಂಡು ಐದೋ ಎಂಟೋ ಲಕ್ಷ ಹುಡುಕುತ್ತೇವೆ.

ನಾನು ಬ್ಯಾಂಕಿನವನಲ್ಲ, ಏಜೆಂಟನೂ ಅಲ್ಲ. ಕಲಬುರಗಿಯ ಒಂದು ಕಾಲೇಜಿನಲ್ಲಿ ಪಾಠ ಹೇಳುವವನು. ಬ್ರಹ್ಮಪುರದಲ್ಲಿ ಒಂದು ಹಳೆ ಮನೆ ಕೊಳ್ಳುವಾಗ ಈ ಹದಿನೈದು ದಿನದಲ್ಲಿ ತಪ್ಪು ಕಡೆ ಕೈ ಚಾಚಿದೆ. ಆಮೇಲಿಂದ ನೆಂಟರು, ಜೊತೆಯವರು ಇಂಥ ಹೊತ್ತಲ್ಲಿ ನನ್ನನ್ನೇ ಕೇಳುತ್ತಾರೆ. ಎಲ್ಲರೂ ಕೇಳುವ ಮೊದಲ ಪ್ರಶ್ನೆ 'ಬಡ್ಡಿ ಎಲ್ಲಿ ಕಡಿಮೆ?' ನಾನು ತಿರುಗಿ ಕೇಳುವುದು ಬೇರೆ: ಈ ಸಾಲ ತೀರಿಸುವ ದುಡ್ಡು ಎಲ್ಲಿಂದ ಬರುತ್ತದೆ, ಯಾವ ತಾರೀಖಿಗೆ? ಅದಕ್ಕೆ ಉತ್ತರ ಸಿಕ್ಕಿದರೆ ಯಾವ ಸಾಲ ಅನ್ನುವುದು ಅರ್ಧ ತೀರ್ಮಾನ ಆದಂತೆ.

ಮೊದಲು, ನಿಮ್ಮ ಗಡುವು ಎಷ್ಟು ಗಟ್ಟಿ?

ಇಬ್ಬರು ಖಾಸಗಿ ವ್ಯಕ್ತಿಗಳ ನಡುವಿನ ಕರಾರು ಒಂದು ಥರ, ಬ್ಯಾಂಕ್ ಹರಾಜು ಇನ್ನೊಂದು ಥರ. ಸಾಲ ಕಟ್ಟದವರ ಮನೆಯನ್ನು ಬ್ಯಾಂಕು ಹರಾಜು ಹಾಕಿದಾಗ ನೀವು ಕೂಗಿ ಗೆದ್ದರೆ, ಅದೇ ದಿನ ಅಥವಾ ಮರುದಿನದ ಕೆಲಸದ ವೇಳೆಯೊಳಗೆ ಬೆಲೆಯ 25% ತುಂಬಿರಬೇಕು. ಮೊದಲೇ ಇಟ್ಟ ಠೇವಣಿ ಇದರಲ್ಲೇ ಸೇರುತ್ತದೆ. ಉಳಿದದ್ದು ಮಾರಾಟ ಖಾಯಂ ಆದ 15 ದಿನದಲ್ಲಿ. ಬರವಣಿಗೆಯಲ್ಲಿ ಒಪ್ಪಿದರೆ ಹೆಚ್ಚೆಂದರೆ 3 ತಿಂಗಳು. ತಪ್ಪಿದರೆ ಕಟ್ಟಿದ ದುಡ್ಡು ಹೋಯಿತು. 2024ರಲ್ಲಿ ಸುಪ್ರೀಂ ಕೋರ್ಟ್ ಕೂಡ ಆ 25% ಪೂರ್ತಿ ಮುಟ್ಟುಗೋಲು ಹಾಕಿಕೊಂಡದ್ದು ಸರಿ ಎಂದಿತು. ಅಲ್ಲಿ ಕಾಕಾ, ಮಾಮಾ ಎಂದರೆ ನಡೆಯುವುದಿಲ್ಲ. ಸಾಲ ಮಂಜೂರಾಗಿ ಕೈಯಲ್ಲಿ ಇಲ್ಲದೆ ಹರಾಜಿಗೆ ಹೋಗಲೇಬೇಡಿ.

ಖಾಸಗಿ ಕರಾರಿನಲ್ಲಿ ಅಷ್ಟು ಬಿಗಿ ಇರುವುದಿಲ್ಲ. ಜಮೀನು, ಮನೆ ಮಾರಾಟದಲ್ಲಿ ಒಂದು ದಿನ ತಡವಾದ ಕೂಡಲೇ ಕರಾರು ಸತ್ತಂತೆ ಅಲ್ಲ ಎಂದು ಕೋರ್ಟುಗಳು ಸಾಮಾನ್ಯವಾಗಿ ಹೇಳುತ್ತಾ ಬಂದಿವೆ. ಆದರೆ ಎರಡು ಮಾತು. ತಾರೀಖೇ ಮುಖ್ಯ ಎಂದು ಕರಾರಿನಲ್ಲಿ ಸ್ಪಷ್ಟವಾಗಿ ಬರೆದಿದ್ದರೆ ಲೆಕ್ಕ ಬದಲಾಗುತ್ತದೆ. ಮತ್ತೆ, ಕೊಳ್ಳುವವನು ದುಡ್ಡು ಹೊಂದಿಸಿಕೊಂಡು ಸಿದ್ಧನಿದ್ದೆ ಎಂದು ತೋರಿಸಬೇಕಾಗುತ್ತದೆ. ಕೋರ್ಟಿಗೆ ಹೋಗಿ ಎಂದು ನಾನು ಹೇಳುತ್ತಿಲ್ಲ. ಮಾರುವವರ ಮುಂದೆ ಕೂತಾಗ ಸುಮ್ನೆ ಹೆದರಿ ಸಾಹುಕಾರನ ಮನೆಗೆ ಓಡಬೇಡಿ ಎನ್ನುತ್ತಿದ್ದೇನೆ ಅಷ್ಟೇ.

ಎಲ್ಲಕ್ಕಿಂತ ಅಗ್ಗ: ತಾರೀಖು ಮುಂದಕ್ಕೆ

ಇದನ್ನು ಯಾರೂ ಆಯ್ಕೆ ಎಂದು ಎಣಿಸುವುದೇ ಇಲ್ಲ. ಕೇಳಲು ನಾಚಿಕೆ. ಎಂಟು ಲಕ್ಷವನ್ನು ಸಾಹುಕಾರನಿಂದ ತಿಂಗಳಿಗೆ ನೂರಕ್ಕೆ ಮೂರರಂತೆ ಮೂರು ತಿಂಗಳು ತಂದರೆ ಬಡ್ಡಿಯೇ 72,000. ಅದರ ಬದಲು ಮಾರುವವರ ಮನೆಗೇ ಹೋಗಿ, "ಅಣ್ಣಾರ, ದುಡ್ಡು ಬರೋದದ, ಒಂದೂವರೆ ತಿಂಗಳು ತಡ ಆಗ್ತದ. ಇವತ್ತೇ ಇನ್ನೊಂದು ಲಕ್ಷ ಹಾಕ್ತೀನಿ, ತಾರೀಖು ಮುಂದಕ್ಕ ಬರಸೋಣ" ಎಂದು ನೋಡಿ. ಆ ಒಂದು ಲಕ್ಷ ಎಲ್ಲೂ ಹೋಗುವುದಿಲ್ಲ, ಬೆಲೆಯಲ್ಲೇ ಕಳೆಯುತ್ತದೆ. ಒಪ್ಪದಿದ್ದರೆ ಬೆಲೆಯ ಮೇಲೆ 20–25 ಸಾವಿರ ಜಾಸ್ತಿ ಕೊಡುತ್ತೇನೆ ಎಂದರೂ ನೀವೇ ಲಾಭದಲ್ಲಿ. ಆದರೆ ಬಾಯಿ ಮಾತಿಗೆ ಬಿಡಬೇಡಿ. ಮೊದಲ ಕರಾರಿಗೆ ಯಾರ್ಯಾರು ಸಹಿ ಹಾಕಿದ್ದರೋ ಅವರೆಲ್ಲರ ಸಹಿ ಹಾಕಿಸಿ ಇನ್ನೊಂದು ಛಾಪಾ ಕಾಗದದ ಮೇಲೆ ಬರೆಸಿ. ಅಣ್ಣ ಒಪ್ಪಿ ತಮ್ಮ ಒಪ್ಪದ ಮನೆಗಳು ನಮ್ಮಲ್ಲಿ ಕಡಿಮೆ ಇಲ್ಲ.

ತಡ ಎಷ್ಟೋ ಸಲ ಮಾರುವವರ ಕಡೆಯದೇ ಇರುತ್ತದೆ. ಇ-ಖಾತಾ ಇಲ್ಲದೆ ಈಗ ರಿಜಿಸ್ಟ್ರಿ ಆಗುವುದಿಲ್ಲ. ತಂದೆ ತೀರಿಕೊಂಡ ಮೇಲೆ ಹೆಸರು ವರ್ಗಾವಣೆ ಆಗದೆ ಕೂತ ಮನೆಗಳು ಬೇಕಾದಷ್ಟಿವೆ. ಹಳೆ ಊರಿನ ಮನೆಯಾದರೆ ನಿಜಾಮರ ಕಾಲದ ಉರ್ದು ಕಾಗದ ಬೀರುವಿನಿಂದ ಹೊರಬರುತ್ತದೆ. ಬ್ಯಾಂಕಿನ ವಕೀಲರು ಅದರ ಅನುವಾದ ಕೇಳುತ್ತಾರೆ, ಜೊತೆಗೆ ವಂಶಾವಳಿ ಕೇಳುತ್ತಾರೆ. ಅದಕ್ಕೇ ಮೂರು ವಾರ ಹೋಗಬಹುದು. ಆದ್ದರಿಂದ ಇನ್ನೂ ಇಸಾರ ಕೊಟ್ಟಿಲ್ಲದವರಿಗೆ ಒಂದು ಮಾತು: 'ಇಂದಿನಿಂದ 90 ದಿನ' ಎಂದು ಬರೆಸಬೇಡಿ. 'ಇ-ಖಾತಾ, ಇಸಿ (ಋಣಭಾರ ಪತ್ರ) ಮತ್ತು ಹಳೆ ಪತ್ರಗಳ ನಕಲು ಕೊಟ್ಟ ದಿನದಿಂದ 60 ದಿನ' ಎಂದು ಬರೆಸಿ. ಆಗ ಗಡಿಯಾರ ಓಡಲು ಶುರುವಾಗುವುದೇ ಅವರು ಕಾಗದ ಕೊಟ್ಟ ಮೇಲೆ.

ಎಷ್ಟು ಕಡಿಮೆ ಬಿದ್ದಿದೆ ಅನ್ನುವುದನ್ನೂ ಸರಿಯಾಗಿ ಲೆಕ್ಕ ಹಾಕಿ. 40 ಲಕ್ಷದ ಮನೆ ಎಂದುಕೊಳ್ಳಿ. ನಗರದಲ್ಲಿ ಮುದ್ರಾಂಕ ಶುಲ್ಕ, ಸೆಸ್, ಸರ್‌ಚಾರ್ಜ್ ಸೇರಿ 5.6%. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ 1%ರ ಬದಲು 2% ಆಗಿದೆ. ಎರಡೂ ಸೇರಿ 7.6%, ಅಂದರೆ 3,04,000 ರೂಪಾಯಿ. ಗೃಹಸಾಲದ ಮೊತ್ತ ಲೆಕ್ಕ ಹಾಕುವಾಗ ಬ್ಯಾಂಕು ಇಷ್ಟು ಬೆಲೆಯ ಮನೆಗೆ ಇದನ್ನು ಸೇರಿಸುವುದಿಲ್ಲ. 30 ಲಕ್ಷದಿಂದ 75 ಲಕ್ಷದವರೆಗಿನ ಸಾಲವಾದರೆ ಮನೆ ಬೆಲೆಯ 80% ಮಾತ್ರ ಸಿಗುತ್ತದೆ. 'ಎರಡು ಲಕ್ಷ ಕಡಿಮೆ ಬಿದ್ದಿದೆ' ಎಂದು ಬಂದವರಿಗೆ ನಿಜವಾಗಿ ಐದು ಲಕ್ಷ ಬೇಕಿರುತ್ತದೆ.

ಚಿನ್ನ

ಮನೆಯಲ್ಲಿ ಚಿನ್ನ ಇದ್ದರೆ, ಮೂರು ನಾಲ್ಕು ತಿಂಗಳ ಕೆಲಸಕ್ಕೆ ಇದೇ ನನ್ನ ಮೊದಲ ಆಯ್ಕೆ. ಬೆಳಿಗ್ಗೆ ಹೋದರೆ ಸಂಜೆಯೊಳಗೆ ಖಾತೆಗೆ ದುಡ್ಡು. ಯಾವಾಗ ಬಿಡಿಸಿಕೊಂಡರೆ ಅಲ್ಲಿಯವರೆಗಿನ ಬಡ್ಡಿ. ಎಂಟು ಲಕ್ಷಕ್ಕೆ ವರ್ಷಕ್ಕೆ 10% ಎಂದು ಹಿಡಿದರೆ ಮೂರು ತಿಂಗಳಿಗೆ 20,000. ಸರ್ಕಾರಿ ಬ್ಯಾಂಕಿನ ದರವೇ ಬೇರೆ, ಖಾಸಗಿ ಫೈನಾನ್ಸ್ ಕಂಪನಿಯ ದರವೇ ಬೇರೆ. ಎರಡು ಕಡೆ ಕೇಳಿಯೇ ಮುಂದುವರಿಯಿರಿ.

ಎಷ್ಟು ಸಿಗುತ್ತದೆ? ರಿಸರ್ವ್ ಬ್ಯಾಂಕಿನ ಹೊಸ ನಿಯಮಗಳಿಗೆ ಜಾರಿಯ ಗಡುವು 2026ರ ಏಪ್ರಿಲ್ 1. ಅದರಂತೆ ಎರಡೂವರೆ ಲಕ್ಷದವರೆಗಿನ ಸಾಲಕ್ಕೆ ಚಿನ್ನದ ಬೆಲೆಯ 85%, ಐದು ಲಕ್ಷದವರೆಗೆ 80%, ಅದಕ್ಕೂ ಮೇಲೆ 75%. ಬಡ್ಡಿ ಅಸಲು ಎಲ್ಲ ಕೊನೆಗೆ ಒಮ್ಮೆಲೇ ಕಟ್ಟುವ ಸಾಲವಾದರೆ, ಮುಂದೆ ಬೆಳೆಯುವ ಬಡ್ಡಿಯೂ ಈ ಲೆಕ್ಕದಲ್ಲೇ ಸೇರುತ್ತದೆ. ಹಾಗಾಗಿ ಕೈಗೆ ಬರುವುದು ಇನ್ನೂ ಸ್ವಲ್ಪ ಕಡಿಮೆ. ಅಂಥ ಸಾಲದ ಅವಧಿ ಹೆಚ್ಚೆಂದರೆ 12 ತಿಂಗಳು.

ಕೌಂಟರ್ ಪಕ್ಕ ಕೂತ ಪತ್ತಾರರು ತೂಗುವುದನ್ನು ಒಮ್ಮೆ ನೋಡಿ. ನನ್ನ ಹೆಂಡತಿಯ ಪಾಟ್ಲಿ, ಬಿಲ್ವಾರ ಒರೆಗಲ್ಲಿಗೆ ಒಂದೊಂದು ಗೆರೆ ಎಳೆದು ಸರಸರ ಪಾಸಾದವು. ಅವ್ವನ ಬೋರಮಾಳ ಬಂದಾಗ ಅವರ ಕೈ ನಿಂತಿತು. ಒಂದು ಗುಂಡನ್ನು ಉಗುರಿನಿಂದ ತಟ್ಟಿ, "ಒಳಗ ಅರಗು ಅದ ಸರ್" ಎಂದರು. ದಾರ, ಅರಗು, ಹರಳು ಎಲ್ಲ ಕಳೆದು ಬರೀ ಚಿನ್ನದ ತೂಕ ಬರೆದರು. ಮನೆಯಲ್ಲಿ ನಾವು ಐದು ತೊಲ ಎಂದು ಎಣಿಸಿದ್ದು ಅಲ್ಲಿ ನಾಲ್ಕಕ್ಕೂ ಕಡಿಮೆ ಆಯಿತು. ಲೆಕ್ಕ ಹಾಕುವಾಗ ಬಳೆಗಳನ್ನು ನಂಬಿ, ಗುಂಡಿನ ಸರಗಳನ್ನು ಅರ್ಧ ನಂಬಿ. ಮತ್ತೆ, ಚಿನ್ನ ಯಾರದೋ ಅವರನ್ನು ಮೊದಲು ಕೇಳಿ. 'ಅವಳಿಗೆ ಹೇಳಿದರಾಯಿತು' ಎಂದು ಬೀರು ತೆಗೆದವರ ಮನೆಯ ಕಥೆ ನನಗೆ ಗೊತ್ತಿದೆ.

ಎಫ್‌ಡಿ ಇದ್ದರೆ ಇನ್ನೂ ಅಗ್ಗ. ಮುರಿಸಬೇಡಿ, ಅದರ ಮೇಲೆ ಸಾಲ ತೆಗೆಯಿರಿ. ಸುಮಾರು 90% ಸಿಗುತ್ತದೆ, ಬಡ್ಡಿ ಎಫ್‌ಡಿ ದರಕ್ಕಿಂತ ಒಂದೆರಡು ಪರ್ಸೆಂಟ್ ಜಾಸ್ತಿ ಇರುತ್ತದೆ ಅಷ್ಟೇ. ಎಲ್‌ಐಸಿ ಪಾಲಿಸಿ ಮೇಲೂ ಸಾಲ ಇದೆ. ಅದು ಸರೆಂಡರ್ ಮೌಲ್ಯದ (ಪಾಲಿಸಿ ನಡುವೆಯೇ ಬಿಟ್ಟರೆ ಸಿಗುವ ದುಡ್ಡಿನ) ಮೇಲೆ, ವಿಮೆ ಮೊತ್ತದ ಮೇಲೆ ಅಲ್ಲ. ಮೂರು ನಾಲ್ಕು ವರ್ಷದ ಪಾಲಿಸಿ ಹಿಡಿದು ಹೋದರೆ ಬೇಸರವೇ ಗತಿ.

ಬ್ಯಾಂಕಿನ ಬ್ರಿಡ್ಜ್ ಲೋನ್ ಯಾರಿಗೆ?

ಹೆಸರು ಕೇಳಿದರೆ ನಮಗಾಗಿಯೇ ಮಾಡಿದಂತಿದೆ ಅಲ್ವಾ? ಆದರೆ ಇದು ಒಂದೇ ಥರದ ಜನರಿಗೆ: ಹಳೆ ಮನೆ ಮಾರಿ ಹೊಸ ಮನೆ ಕೊಳ್ಳುವವರು, ಹೊಸದರ ದುಡ್ಡು ಮೊದಲು ಕೊಡಬೇಕು, ಹಳೆಯದರ ದುಡ್ಡು ಆಮೇಲೆ ಬರುತ್ತದೆ. ಕೆಲವು ಬ್ಯಾಂಕು, ಗೃಹಸಾಲ ಕಂಪನಿಗಳು ಆಸ್ತಿ ಅಡವಿಟ್ಟುಕೊಂಡು ಸಾಮಾನ್ಯವಾಗಿ ಎರಡು ವರ್ಷದವರೆಗೆ ಕೊಡುತ್ತವೆ. ತಿಂಗಳಿಗೆ ಬಡ್ಡಿ ಮಾತ್ರ, ಮನೆ ಮಾರಿದಾಗ ಅಸಲು. ದರ ಗೃಹಸಾಲಕ್ಕಿಂತ ಜಾಸ್ತಿ. ಕಾಗದಪತ್ರ, ವಕೀಲರ ಅಭಿಪ್ರಾಯ, ಮೌಲ್ಯಮಾಪನ ಎಲ್ಲ ಮಾಮೂಲಿ ಗೃಹಸಾಲದಷ್ಟೇ. ಅಂದರೆ ಹತ್ತು ದಿನದ ಗಡುವಿಗೆ ಇದು ಕೈಗೆ ಸಿಗುವುದಿಲ್ಲ. ಇಸಾರ ಕೊಟ್ಟ ವಾರದಲ್ಲೇ ಅರ್ಜಿ ಹಾಕಿದವರಿಗೆ ಮಾತ್ರ ಉಪಯೋಗ. ಕೆಲವು ಶಾಖೆಗಳಲ್ಲಿ ಈ ಹೆಸರು ಹೇಳಿದರೆ ಎದುರಿಗಿದ್ದವರು ಪಕ್ಕದ ಟೇಬಲ್ ಕಡೆ ನೋಡುತ್ತಾರೆ, ಅದಕ್ಕೂ ತಯಾರಾಗಿ ಹೋಗಿ.

ಇಲ್ಲಿ ಒಂದು ಕೊಕ್ಕೆ ಇದೆ. ಹಳೆ ಮನೆ ಮಾರಿದ ಲಾಭಕ್ಕೆ ತೆರಿಗೆ ವಿನಾಯಿತಿ ಬೇಕಾದರೆ, ಹೊಸ ಮನೆಯನ್ನು ಮಾರಾಟಕ್ಕೆ ಒಂದು ವರ್ಷ ಮೊದಲಿನಿಂದ ಎರಡು ವರ್ಷ ನಂತರದೊಳಗೆ ಕೊಂಡಿರಬೇಕು. ಬ್ರಿಡ್ಜ್ ಲೋನ್ ಹಿಡಿದವರು ಹೊಸದನ್ನು ಮೊದಲು ಕೊಳ್ಳುತ್ತಾರೆ. ಬ್ಯಾಂಕು ಎರಡು ವರ್ಷ ಕೊಟ್ಟಿದೆ ಎಂದು ಹಳೆ ಮನೆಗೆ ಜಾಸ್ತಿ ಬೆಲೆ ಕಾಯುತ್ತಾ ಕೂತರೆ, ಒಂದು ವರ್ಷ ದಾಟಿದ ಕೂಡಲೇ ವಿನಾಯಿತಿ ಕೈಬಿಡುತ್ತದೆ. ಬಡ್ಡಿಗಿಂತ ದೊಡ್ಡ ಪೆಟ್ಟು ಇದು.

ನಿಮಗೆ ಈಗಾಗಲೇ ಗೃಹಸಾಲ ನಡೆಯುತ್ತಿದ್ದು ಕಂತು ಸರಿಯಾಗಿ ಕಟ್ಟಿದ್ದರೆ ಟಾಪ್-ಅಪ್, ಅಂದರೆ ಅದರ ಮೇಲೆ ಹೆಚ್ಚುವರಿ ಸಾಲ, ಕೇಳಿ. ಕಾಗದ ಅವರ ಬಳಿಯೇ ಇರುವುದರಿಂದ ಬೇಗ ಆಗುತ್ತದೆ. ಬದಲಾಗುವ ಬಡ್ಡಿದರದ ಸಾಲವಾದರೆ, ವ್ಯಾಪಾರಕ್ಕಲ್ಲದ ಕೆಲಸಕ್ಕೆ ತೆಗೆದ ವ್ಯಕ್ತಿಗಳಿಗೆ ಮೊದಲೇ ತೀರಿಸಿದ್ದಕ್ಕೆ ದಂಡ ಹಾಕುವಂತಿಲ್ಲ.

ಪರ್ಸನಲ್ ಲೋನ್: ದರ ನೋಡಿ ಮೋಸ ಹೋಗುವ ಜಾಗ

ಮೊಬೈಲಿನಲ್ಲೇ ಮಂಜೂರು, ವರ್ಷಕ್ಕೆ 14%. ನೂರಕ್ಕೆ ಮೂರರ ಸಾಹುಕಾರನಿಗೆ ಹೋಲಿಸಿದರೆ ಇದು ವರ್ಷಕ್ಕೆ 36ರ ಮುಂದೆ 14. ಆದರೆ ಮೂರೇ ತಿಂಗಳಿಗೆ ಲೆಕ್ಕ ಹಾಕಿ ನೋಡಿ. ಎಂಟು ಲಕ್ಷಕ್ಕೆ ಬಡ್ಡಿ 28,000. ಪ್ರೊಸೆಸಿಂಗ್ ಶುಲ್ಕ 2% ಇದ್ದರೆ 16,000, ಅದಕ್ಕೆ 18% ಜಿಎಸ್‌ಟಿ 2,880. ಮೊದಲೇ ಮುಗಿಸಿದ್ದಕ್ಕೆ 4% ಇದ್ದರೆ 32,000, ಅದರ ಜಿಎಸ್‌ಟಿ 5,760. ಒಟ್ಟು 84,640. ಸಾಹುಕಾರನ 72,000ಕ್ಕಿಂತಲೂ ಜಾಸ್ತಿ! ಕಂತಿನಲ್ಲಿ ಅಸಲು ಸ್ವಲ್ಪ ಇಳಿಯುವುದರಿಂದ ಇದು ಒಂದಿಷ್ಟು ಕಡಿಮೆಯಾಗಬಹುದು, ಆದರೂ ಕಥೆ ಬದಲಾಗುವುದಿಲ್ಲ.

ಅದೇ ಏಳು ತಿಂಗಳು ಎಳೆದರೆ ಪರ್ಸನಲ್ ಲೋನ್ ಸುಮಾರು 1,22,000 ಆಗುತ್ತದೆ. ಸಾಹುಕಾರನದ್ದು 1,68,000ಕ್ಕೆ ಏರುತ್ತದೆ. ಅಂದರೆ ಅವಧಿ ಚಿಕ್ಕದಾದಷ್ಟೂ ಶುಲ್ಕ ನೋಡಬೇಕು, ದೊಡ್ಡದಾದಷ್ಟೂ ಬಡ್ಡಿ ನೋಡಬೇಕು. 2024ರ ಅಕ್ಟೋಬರ್‌ನಿಂದ ಬ್ಯಾಂಕುಗಳು ಸಾಲಕ್ಕೆ ಸಹಿ ಹಾಕಿಸುವ ಮೊದಲು ಎಲ್ಲ ಶುಲ್ಕ ಸೇರಿಸಿದ ವಾರ್ಷಿಕ ದರ ಬರೆದ ಒಂದು ಹಾಳೆ ಕೊಡಲೇಬೇಕು. ಅದನ್ನು ಕೇಳಿ ಪಡೆಯಿರಿ. ಎಷ್ಟು ತಿಂಗಳವರೆಗೆ ಮುಗಿಸಲು ಬಿಡುವುದಿಲ್ಲ ಎಂಬ ಸಾಲನ್ನು ಬೆರಳಿಟ್ಟು ಓದಿ.

ಗಂಜಿನ ಅಡತ್, ಭಿಶಿ, ಕೈಗಡ

ನಮ್ಮ ಜಿಲ್ಲೆಯಲ್ಲಿ ಎಷ್ಟೋ ಪ್ಲಾಟುಗಳ ಹಿಂದೆ ತೊಗರಿಯ ದುಡ್ಡು ಇದೆ. ರಾಶಿ ಆಗುವುದು ಡಿಸೆಂಬರ್, ಜನವರಿಯಲ್ಲಿ. ಕರಾರಿನ ಗಡುವು ಬರುವುದು ದೀಪಾವಳಿ ಹೊತ್ತಿಗೆ. ನೆಹರು ಗಂಜಿನ ಅಡತ್ (ದಲ್ಲಾಳಿ) ಅಂಗಡಿಯಲ್ಲಿ ಹಳೆ ಪರಿಚಯವಿದ್ದರೆ ಮುಂಗಡ ಸಿಗುತ್ತದೆ. ಬಡ್ಡಿ ಬಾಯಲ್ಲಿ ಕಡಿಮೆ ಹೇಳುತ್ತಾರೆ. ನಿಜವಾದ ಬೆಲೆ ಬೇರೆ ಕಡೆ ಇರುತ್ತದೆ: ಮಾಲು ಅದೇ ಅಂಗಡಿಗೆ ಹಾಕಬೇಕು, ದರ ಏರಲಿ ಎಂದು ಕಾಯುವ ಸ್ವಾತಂತ್ರ್ಯ ಹೋಗುತ್ತದೆ. 2025–26ರ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000. ನೂರು ಕ್ವಿಂಟಲ್ ಬಂದರೆ ಎಂಟು ಲಕ್ಷ ಎಂದು ಕಾಗದದ ಮೇಲೆ ಬರೆಯುವುದು ಸುಲಭ. 2025ರ ಆಗಸ್ಟ್, ಸೆಪ್ಟೆಂಬರಿನಲ್ಲಿ ಮಳೆ ಮತ್ತು ಭೀಮಾ ನದಿ ಸೇರಿ ಹೊಲಗಳಿಗೆ ಏನು ಮಾಡಿದವು ನೆನಪಿದೆ ಅಲ್ವಾ? ಹೊಲದಲ್ಲಿ ನಿಂತ ಬೆಳೆಯನ್ನು ನಂಬಿ ತಾರೀಖು ಇರುವ ಸಾಲ ತರಬೇಡಿ. ಗೋದಾಮಿಗೆ ಬಂದ ಮಾಲು ಇದ್ದರೆ ಮಾತು ಬೇರೆ.

ಭಿಶಿ, ಅಂದರೆ ಚೀಟಿ, ಎತ್ತುವುದಾದರೆ, ನೋಂದಣಿಯಾದ ಚೀಟಿ ಕಂಪನಿಯದ್ದೋ, ಗೆಳೆಯರು ಸೇರಿ ನಡೆಸುವುದೋ ನೋಡಿ. ಅವಸರದಲ್ಲಿ ಸವಾಲು ಕೂಗಿದವರು ಎಷ್ಟು ಬಿಟ್ಟುಕೊಟ್ಟೆವು ಎಂದು ಮನೆಗೆ ಬಂದ ಮೇಲೆ ಎಣಿಸುತ್ತಾರೆ.

ಕೈಗಡದ ಬಗ್ಗೆ ಎರಡು ಮಾತು. 20,000 ಅಥವಾ ಅದಕ್ಕಿಂತ ಜಾಸ್ತಿ ಸಾಲವನ್ನು ನಗದಿನಲ್ಲಿ ಪಡೆಯುವಂತಿಲ್ಲ, ತೆರಿಗೆಯವರು ಪಡೆದಷ್ಟೇ ಮೊತ್ತದ ದಂಡ ಹಾಕಬಹುದು. ಆಸ್ತಿಯ ಮುಂಗಡಕ್ಕೂ ಇದೇ ನಿಯಮ. ಅಣ್ಣನಿಂದ ತಂದರೂ ಬ್ಯಾಂಕ್ ಖಾತೆಯಿಂದ ಖಾತೆಗೆ ಹಾಕಿಸಿಕೊಳ್ಳಿ. ಎರಡನೆಯದು, ನಮ್ಮ ಕಾಕಾ ನನಗೆ ರಿಜಿಸ್ಟ್ರಿ ಖರ್ಚಿಗೆ ಎರಡು ಲಕ್ಷ ಕೊಟ್ಟಿದ್ದರು. ಬಡ್ಡಿ ಬೇಡ ಎಂದರು. ಆಮೇಲೆ ಆಳಂದದಲ್ಲಿ ಒಂದು ಮದುವೆ ಪಂಗ್ತಿಯಲ್ಲಿ, ಹುಗ್ಗಿ ಬಡಿಸುತ್ತಿದ್ದವರ ಮುಂದೆಯೇ, "ಎರಡು ತಿಂಗ್ಳಾಗ ಕೊಡ್ತೀನಿ ಅಂದಿದ್ದಿ, ಏಳಾತಲ್ಲೋ" ಎಂದರು. ಬಡ್ಡಿಯಿಲ್ಲದ ಸಾಲಕ್ಕೆ ಬಡ್ಡಿ ಕಟ್ಟುವುದು ಹೀಗೆ.

ನೂರಕ್ಕೆ ಮೂರು

ನಾನು ಎಡವಿದ್ದು ಇಲ್ಲಿ. ಸೇಡಂ ರಸ್ತೆಯ ಕಡೆ ಇದ್ದ ನನ್ನ ಪ್ಲಾಟಿಗೆ ಗಿರಾಕಿ ಸಿಕ್ಕಿದ್ದ, ಅವನಿಂದ ಇಸಾರವೂ ಬಂದಿತ್ತು. ಎರಡು ತಿಂಗಳಲ್ಲಿ ಪೂರ್ತಿ ದುಡ್ಡು ಎಂದ. ಅದನ್ನು ನಂಬಿ ಮನೆ ಗಡುವಿಗೆ ಆರು ಲಕ್ಷ ಖಾಸಗಿಯವರಿಂದ ತಂದೆ. ಮೊದಲ ತಿಂಗಳ ಬಡ್ಡಿ ಮುರಿದುಕೊಂಡೇ ಕೊಟ್ಟರು. ಕೈಗೆ ಬಂದದ್ದು 5,82,000. ಎರಡು ತಿಂಗಳಿಗೆ 36,000 ಹೋದರೆ ಹೋಗಲಿ ಎಂದುಕೊಂಡೆ. ನನ್ನ ಗಿರಾಕಿಯೂ ಬ್ಯಾಂಕ್ ಸಾಲದ ಮೇಲೆಯೇ ನಿಂತಿದ್ದ. ಅವನ ಬ್ಯಾಂಕಿನ ವಕೀಲರು ನಮ್ಮ ಲೇಔಟಿನ ಮಂಜೂರಾತಿಯ ಒಂದು ಕಾಗದ ಕೇಳಿದರು, ಅದು ಸಿಗಲಿಲ್ಲ, ಅವನು ಹಿಂದೆ ಸರಿದ. ಇನ್ನೊಬ್ಬ ಗಿರಾಕಿ ಸಿಕ್ಕಿ ದುಡ್ಡು ಬರುವಷ್ಟರಲ್ಲಿ ಏಳು ತಿಂಗಳು. ಬಡ್ಡಿ 1,26,000. ನನ್ನ ಸಾಲ ತೀರಬೇಕಿದ್ದದ್ದು ಇನ್ನೊಬ್ಬನ ಸಾಲದಿಂದ ಎಂದು ನಾನು ಕೇಳಿಯೇ ಇರಲಿಲ್ಲ. ಕೇಳಿದ್ದರೆ ಎರಡು ತಿಂಗಳು ಎಂದು ನಂಬುತ್ತಿರಲಿಲ್ಲ.

ಹಾಗಾಗಿ ಈಗ ಯಾರಾದರೂ ಕೇಳಿದರೆ ನನ್ನ ಉತ್ತರ ಹೀಗೆ. ಬರುವ ದುಡ್ಡು ಮಂಜೂರಾದ ಗೃಹಸಾಲ, ಮುಗಿಯಲಿರುವ ಎಫ್‌ಡಿ, ನಿವೃತ್ತಿಯ ದುಡ್ಡು ಇಂಥದ್ದಾದರೆ ಚಿನ್ನವೋ ಎಫ್‌ಡಿ ಸಾಲವೋ ಕಣ್ಣುಮುಚ್ಚಿ ತೆಗೆಯಿರಿ. ಬರುವ ದುಡ್ಡು ಇನ್ನೊಂದು ಆಸ್ತಿ ಮಾರಾಟದ್ದಾದರೆ ಹೇಳಿದ ಅವಧಿಯನ್ನು ಮೂರರಿಂದ ಗುಣಿಸಿ, ಆಗಲೂ ಕಂತು ಕಟ್ಟಬಲ್ಲ ಸಾಲವನ್ನೇ ಹಿಡಿಯಿರಿ. ಟಾಪ್-ಅಪ್ ಅಥವಾ ಬ್ರಿಡ್ಜ್ ಲೋನ್ ಇದಕ್ಕೇ ಇರುವುದು. ದುಡ್ಡು ಎಲ್ಲಿಂದ ಬರುತ್ತದೆ ಎಂದು ಹೇಳಲು ಎರಡು ವಾಕ್ಯಕ್ಕಿಂತ ಜಾಸ್ತಿ ಬೇಕಾದರೆ ಸಾಲ ಬೇಡ. ಇಸಾರ ಹೋದರೂ ಹೋಗಲಿ, ಮಾರುವವರ ಜೊತೆ ಕೂತು ಮಾತಾಡಿ ಎಷ್ಟು ವಾಪಸ್ ಬರುತ್ತದೋ ನೋಡಿ.

ತಾರೀಖಿಗೆ ಒಂದು ವಾರ ಮೊದಲೇ ದುಡ್ಡು ಕೈಯಲ್ಲಿರುವಂತೆ ನೋಡಿಕೊಳ್ಳಿ. 2025ರ ಜನವರಿ ಕೊನೆಯಲ್ಲಿ, ಫೆಬ್ರುವರಿ ಶುರುವಿನಲ್ಲಿ ಕಾವೇರಿ 2.0 ತಂತ್ರಾಂಶ ಸೈಬರ್ ದಾಳಿಯಿಂದ ಕೈಕೊಟ್ಟು ರಾಜ್ಯದಲ್ಲೆಲ್ಲ ರಿಜಿಸ್ಟ್ರಿ ನಿಂತಿತ್ತು. ಸರ್ವರ್ ನಿಂತರೂ ಬಡ್ಡಿ ನಿಲ್ಲುವುದಿಲ್ಲ.

ಖಾಸಗಿಯವರಿಂದಲೇ ತರುವುದು ಅನಿವಾರ್ಯವಾದರೆ, ಭದ್ರತೆಗೆ ಎಂದು ಮನೆಯ ಖರೀದಿ ಪತ್ರವನ್ನಾಗಲಿ, ಜಿಪಿಎಯನ್ನಾಗಲಿ (ನಿಮ್ಮ ಪರವಾಗಿ ವ್ಯವಹರಿಸುವ ಅಧಿಕಾರ ಪತ್ರ) ಯಾವ ಕಾರಣಕ್ಕೂ ಬರೆದುಕೊಡಬೇಡಿ. 'ಸುಮ್ನೆ ಹೆಸರಿಗೆ' ಎನ್ನುವ ಮಾತು ಸಬ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕದಲ್ಲಿ ಎಲ್ಲೂ ಬರೆದಿರುವುದಿಲ್ಲ. ಖಾಲಿ ಛಾಪಾ ಕಾಗದಕ್ಕೆ ಸಹಿ ಬೇಡ. ವಸೂಲಿಯ ಕಿರುಕುಳ ತಡೆಯಲು 2025ರಲ್ಲಿ ರಾಜ್ಯ ಸರ್ಕಾರ ಕಿರುಸಾಲ ಕಾನೂನು ತಂದಿದೆ ನಿಜ, ಅದರಲ್ಲಿ 10 ವರ್ಷದವರೆಗೆ ಜೈಲು ಇದೆ. ಆದರೆ ಪೊಲೀಸ್ ಠಾಣೆಯವರೆಗೆ ಹೋಗದಂತೆ ಮೊದಲೇ ಕಾಗದ ಸರಿ ಇಟ್ಟುಕೊಳ್ಳುವುದು ಸುಲಭ.

ಸಾಲ ತೀರಿದ ದಿನ ಕೊಟ್ಟದ್ದೆಲ್ಲ ವಾಪಸ್ ತೆಗೆದುಕೊಳ್ಳಿ. ಚಿನ್ನದ ಸಾಲವಾದರೆ ಏಳು ಕೆಲಸದ ದಿನದೊಳಗೆ ಒಡವೆ ಕೊಡಬೇಕು, ಆಸ್ತಿ ಸಾಲವಾದರೆ 30 ದಿನದೊಳಗೆ ಮೂಲ ಪತ್ರ ಕೊಡಬೇಕು. ತಡವಾದರೆ ಎರಡರಲ್ಲೂ ದಿನಕ್ಕೆ 5,000 ರೂಪಾಯಿ ನಿಮಗೇ ಬರಬೇಕು. ಖಾಸಗಿಯವರ ಹತ್ತಿರ ಇಂಥ ನಿಯಮ ಯಾವುದೂ ನಡೆಯುವುದಿಲ್ಲ. ನಾನು ಕೊಟ್ಟಿದ್ದು ಮೂರು ಖಾಲಿ ಚೆಕ್ಕು. ಕೊನೆಯ ಕಂತು ಕಟ್ಟಿದ ಸಂಜೆ ಎರಡನ್ನು ವಾಪಸ್ ಕೊಟ್ಟು, "ಇನ್ನೊಂದು ಮನ್ಯಾಗದ, ನಾಳೆ ಕಳಸ್ತೀನಿ ಸರ್" ಎಂದರು. ಅದೃಷ್ಟಕ್ಕೆ ನಂಬರು ಬರೆದಿಟ್ಟುಕೊಂಡಿದ್ದೆ. ಮರುದಿನ ಬ್ಯಾಂಕಿಗೆ ಹೋಗಿ ಆ ಚೆಕ್ಕಿಗೆ ದುಡ್ಡು ಕೊಡಬೇಡಿ ಎಂದು ಬರೆದುಕೊಟ್ಟು ಬಂದೆ. ಚೆಕ್ಕು ಇನ್ನೂ ಬಂದಿಲ್ಲ.